ಕುಡ್ಲೆಯಿಂದ ಹಾಫ್ ಮೂನ್‌ಗೆ, ಗುಡ್ಡದ ಮೇಲಿಂದ

ಗೋಕರ್ಣದ ಓಂ ಬೀಚಿಗೆ ನಾನು ಎರಡು ಸಲ ಆಟೋದಲ್ಲಿ ಹೋಗಿ ಆಟೋದಲ್ಲೇ ವಾಪಸ್ ಬಂದಿದ್ದೆ. ದಡ ಓಂ ಅಕ್ಷರದ ಆಕಾರದಲ್ಲಿದೆ ಅಂತ ಆ ಹೆಸರು, ಆದರೆ ಮರಳಿನ ಮೇಲೆ ನಿಂತು ಓಂ ಎಲ್ಲಿದೆ ಅಂತ ಎಷ್ಟು ಹುಡುಕಿದರೂ ಕಾಣಲಿಲ್ಲ. ಅದನ್ನು ನೋಡಬೇಕಾದರೆ ಗುಡ್ಡ ಹತ್ತಬೇಕು.

ಮೂರನೇ ಸಲ, ಜನವರಿಯಲ್ಲಿ, ತಂಗಿಯನ್ನು ಕರೆದುಕೊಂಡು ನಡೆದೇ ಹೋದೆ. ಕುಡ್ಲೆ ಬೀಚಿನ ದಕ್ಷಿಣದ ತುದಿಯಿಂದ ಬೆಳಿಗ್ಗೆ 7 ಗಂಟೆಗೆ ಹೊರಟೆವು. ಈ ಬೀಚುಗಳೆಲ್ಲ ಹೆಚ್ಚುಕಮ್ಮಿ ಪಶ್ಚಿಮಕ್ಕೆ ಮುಖ ಮಾಡಿವೆ, ಹಿಂದೆ ಗುಡ್ಡ ಇದೆ, ಹಾಗಾಗಿ ಸೂರ್ಯ ಮೇಲೇರಿ ಬರುವ ತನಕ ಇಳಿಜಾರಿನಲ್ಲಿ ನೆರಳು ಸಿಗುತ್ತದೆ. ಸಂಜೆ ಹೋದರೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಸೂರ್ಯಾಸ್ತ ನೋಡುತ್ತಾ ಕೂತರೆ ವಾಪಸ್ ಕತ್ತಲಲ್ಲಿ ಬರಬೇಕು. ಈ ದಾರಿಯಲ್ಲಿ ಅದು ಬೇಡವೇ ಬೇಡ.

ಯಾಕೆಂದರೆ ಇಲ್ಲಿ ಕಾಲ ಕೆಳಗೆ ಇರುವುದು ಜಂಬಿಟ್ಟಿಗೆ ಕಲ್ಲು. ಮೇಲೆ ಕಪ್ಪು, ಒಡೆದ ಕಡೆ ಕೆಂಪು, ಮೈತುಂಬ ತೂತು. ಗಟ್ಟಿ ಬಂಡೆ ಕಾಲನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಅದರಿಂದ ಉದುರಿದ ಸಣ್ಣ ಹರಳು ಕಡಲೆಕಾಳಿನ ಹಾಗೆ ಉರುಳುತ್ತದೆ. ಓಂ ಕಡೆ ಇಳಿಯುವಾಗ ರಬ್ಬರ್ ಚಪ್ಪಲಿ ಹಾಕಿದ್ದ ತಂಗಿ ಜಾರಿ ಕೈ ಊರಿದಳು. ಅಂಗೈ ತರಚಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. "ಅಕ್ಕಾ, ನೀನು ಮುಂದೆ ಹೋಗು, ನೀನು ಕಾಲಿಟ್ಟ ಕಡೆಯೇ ನಾನೂ ಇಡ್ತೀನಿ" ಅಂದಳು. ಆಮೇಲೆ ಇಬ್ಬರೂ ಅಡ್ಡಡ್ಡವಾಗಿ, ಹರಳು ಬಿಟ್ಟು ನೆಲಕ್ಕೆ ಕಚ್ಚಿಕೊಂಡ ಕಲ್ಲಿನ ಮೇಲೆ ಮಾತ್ರ ಕಾಲಿಡುತ್ತಾ ಇಳಿದೆವು. ಶೂ ಹಾಕಿಕೊಂಡೇ ಹೋಗಿ. ಮಳೆಗಾಲದಲ್ಲಂತೂ ಈ ಕಲ್ಲಿಗೆ ಪಾಚಿ ಕಟ್ಟುತ್ತದೆ, ಆಗ ಹೋಗಬೇಡಿ.

ಕುಡ್ಲೆಯಿಂದ ಓಂಗೆ ಅರ್ಧ ಗಂಟೆ ಹಿಡಿಯಿತು. ಓಂ ಬೀಚಿನ ಆಚೆ ತುದಿಯಿಂದ ಮುಂದಿನ ಹಾಫ್ ಮೂನ್ ಬೀಚಿಗೆ ಕಾಲುದಾರಿ ಮತ್ತೆ ಏರುತ್ತದೆ, ಎಡಕ್ಕೆ ಗುಡ್ಡ, ಬಲಕ್ಕೆ ಸೀದಾ ಕೆಳಗೆ ಸಮುದ್ರ. ಸ್ವಲ್ಪ ಹತ್ತಿದ ಮೇಲೆ ನಿಂತು ಹಿಂದಕ್ಕೆ ನೋಡಿ. ಒಂದರ ಪಕ್ಕ ಒಂದು, ಎರಡು ಬಾಗಿದ ದಡ, ನಡುವೆ ನೀರಿಗೆ ಚಾಚಿದ ಕಪ್ಪು ಬಂಡೆ. ದೇವನಾಗರಿಯ ಓಂ ಬರೆಯುವಾಗ ಮೊದಲು ಎಳೆಯುವ ಆ ಎರಡು ಸುತ್ತು ಅಲ್ಲೇ ಇತ್ತು! ತೆರೆ ಬಂಡೆಗೆ ಬಡಿದು ಎರಡಾಗಿ ಸೀಳಿ ಎರಡೂ ಕಡೆಯ ಮರಳಿಗೆ ಬೇರೆ ಬೇರೆ ಹೊತ್ತಿಗೆ ತಲುಪುವುದನ್ನು ನೋಡುತ್ತಾ ನಾವು ಅರ್ಧ ಗಂಟೆ ಅಲ್ಲೇ ಕೂತುಬಿಟ್ಟೆವು. ನನ್ನ ಪ್ರಕಾರ ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಜಾಸ್ತಿ ಜನ ಮುಂದೆ ಪ್ಯಾರಡೈಸ್ ಬೀಚ್ ತಲುಪುವ ಆತುರದಲ್ಲಿ ತಿರುಗಿಯೂ ನೋಡದೆ ಹೋಗುತ್ತಾರೆ, ಅದೇ ಬೇಜಾರು.

ಹಾಫ್ ಮೂನ್ ಪುಟ್ಟ ಬೀಚು, ಸುಮ್ನೆ ಕಾಲು ಚಾಚಿ ಕೂರಲು ಚೆಂದ. ಪ್ಯಾರಡೈಸ್‌ಗೆ ರಸ್ತೆ ಇಲ್ಲ, ನಡೆದೋ ದೋಣಿಯಲ್ಲೋ ಹೋಗಬೇಕು. ಅಷ್ಟೊತ್ತಿಗೆ 10 ಗಂಟೆಯ ಬಿಸಿಲು ಏರಿತ್ತು, ಇಬ್ಬರಿಗೂ ಸೇರಿ ತಂದಿದ್ದ 2 ಲೀಟರ್ ನೀರಿನಲ್ಲಿ ಉಳಿದಿದ್ದು ಕಾಲು ಬಾಟಲಿ. ತಂಗಿಯ ಕೈಯೂ ಉರಿಯುತ್ತಿತ್ತು. ಓಂಗೆ ವಾಪಸ್ ಬಂದು ಎಳನೀರು ಕುಡಿದು ಆಟೋ ಹತ್ತಿದೆವು. ಪ್ಯಾರಡೈಸ್‌ಗೆ ಮುಂದಿನ ಚಳಿಗಾಲದಲ್ಲಿ, ಓಂನಿಂದಲೇ ಹೊರಟು.