ಹಳೇ ಪೇಪರಿನ ಕೋರ್ಟ್ ನೋಟೀಸಲ್ಲಿ ಸಿಕ್ಕ ತಾತನ ಅಕ್ಕ

ಹಳೇ ಪೇಪರ್ ತಿರುವಿ ನೆಂಟರನ್ನ ಹುಡುಕ್ತೀನಿ ಅಂದಾಗ ದೊಡ್ಡಪ್ಪ ಮದುವೆ ಮನೇಲೆ ಹತ್ತು ಜನರ ಮುಂದೆ ನಕ್ಕಿದ್ರು. ಹೋದ ತಿಂಗಳು ಅದೇ ದೊಡ್ಡಪ್ಪ ನನ್ ಜೊತೆ ಮೂಡಿಗೆರೆ ಬಸ್ ಹತ್ತಿದ್ರು. ಸುಮಾರು ಎರಡೂವರೆ ವರ್ಷ, ಹತ್ರತ್ರ 15 ಸಾವಿರ ಖರ್ಚು. ತಾತನ ಅಕ್ಕನ ಕಡೆಯವರು ಸಿಕ್ಕಿದ್ರು.

ನಮ್ದು ಹಾಸನ ತಾಲ್ಲೂಕು, ಹೇಮಾವತಿ ಹಿನ್ನೀರಿಗೆ ಹೋದ ಊರು, ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚ್ ಮುಳುಗುತ್ತಲ್ಲ ಆ ಕಡೆ. ಗೊರೂರು ಡ್ಯಾಂ 1979ಕ್ಕೆ ಮುಗಿಯೋ ಹೊತ್ತಿಗೆ ಊರಿನವರು ದಿಕ್ಕಿಗೊಬ್ರು ಆಗಿದ್ರು. ತಾತನ ಅಕ್ಕನ ಜೊತೆ ಮಾತು ಬಿಟ್ಟಿದ್ದು ಅದಕ್ಕೂ ಮುಂಚೆ, ಪಾಲಿನ ಜಗಳದಲ್ಲಿ. ಆಮೇಲೆ ಅವರ ಹೆಸರನ್ನೇ ಮನೇಲಿ ಯಾರೂ ಎತ್ತುತ್ತಿರಲಿಲ್ಲ.

ಮೊದಲು ನಾನೂ ಎಲ್ಲರ ಹಂಗೆ ಶ್ರದ್ಧಾಂಜಲಿ, ಪುಣ್ಯಸ್ಮರಣೆ ಜಾಹೀರಾತು ಹುಡುಕ್ದೆ. ನಾಲ್ಕು ತಿಂಗಳು ಹೋಯ್ತು. ನಮ್ಮಂಥ ಎರಡೆಕರೆ ಮನೆಯೋರು ಆ ಕಾಲದಲ್ಲಿ ದುಡ್ಡು ಕೊಟ್ಟು ಫೋಟೋ ಹಾಕಿಸ್ತಿರಲಿಲ್ಲ. ಆಮೇಲೆ ಮುಳುಗಡೆ ಭೂಸ್ವಾಧೀನದ ನೋಟೀಸ್ ಇರಬೇಕಲ್ಲ ಅಂತ ಎಪ್ಪತ್ತರ ದಶಕದ ಪೇಪರ್ ಹಿಡಿದೆ, ಬೆಂಗಳೂರಿಗೆ ಎಂಟೋ ಒಂಬತ್ತೋ ಸಲ ಹೋಗಿ ಬಂದೆ, ಬಸ್ಸು ಊಟ ಜೆರಾಕ್ಸ್ ಸೇರಿ ಐದು ಸಾವಿರದ ಮೇಲೆ ಹೋಯ್ತು, ಒಂದೂ ಸಿಗಲಿಲ್ಲ. ಭೂಸ್ವಾಧೀನ ಕಾಯ್ದೆಯ 4(1) ನೋಟೀಸನ್ನ, ಅಂದ್ರೆ ಜಮೀನು ಬೇಕು ಅಂತ ಸರ್ಕಾರ ಹೊರಡಿಸೋ ಮೊದಲ ಪ್ರಕಟಣೇನ, ದಿನಪತ್ರಿಕೇಲೂ ಹಾಕಬೇಕು ಅನ್ನೋ ನಿಯಮ ಬಂದಿದ್ದೇ 1984ರ ತಿದ್ದುಪಡಿಯಲ್ಲಿ, ಅದಕ್ಕೂ ಹಿಂದಿನದು ಗೆಜೆಟ್ಟಲ್ಲಿ ನೋಡ್ಬೇಕು. ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ಆ ದುಡ್ಡು ಉಳೀತಿತ್ತು. ಇನ್ನೊಂದು ಸಲ ಗುಜರಿ ಅಂಗಡೀಲಿ ಹಳೇ ಪೇಪರ್ ಕಟ್ಟು ಇದೆ ಅಂತ 3,500 ಕೊಟ್ಟು ಆಟೋದಲ್ಲಿ ಹೇರ್ಕೊಂಡು ಬಂದೆ. ಮೇಲಿನದು ಮಾತ್ರ ಹಳೇದು, ಒಳಗೆಲ್ಲ ತೊಂಬತ್ತರ ದಶಕದ್ದು, ಅರ್ಧ ಗೆದ್ದಲು ತಿಂದಿತ್ತು.

ದಾರಿ ತೆರೆದಿದ್ದು ಒಬ್ಬ ವಯಸ್ಸಾದ ವಕೀಲರ ಒಂದು ಮಾತಿಂದ. ಕೋರ್ಟಿನ ಸಮನ್ಸ್ ಯಾರಿಗೆ ಕೊಡ್ಬೇಕೋ ಅವರೇ ಕೈಗೆ ಸಿಗದಿದ್ರೆ ತಾನೇ ಪೇಪರಲ್ಲಿ ಹಾಕಿಸೋದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 5 ರೂಲ್ 20 ಅಂದ್ರು. ಅಂದ್ರೆ ಊರು ಬಿಟ್ಟೋರು, ಮುನಿಸ್ಕೊಂಡು ಹೋದೋರು, ನಾವು ಹುಡುಕ್ತಿರೋರೇ ಆ ನೋಟೀಸಲ್ಲಿ ಇರ್ತಾರೆ! ಅವತ್ತಿಂದ ಶ್ರದ್ಧಾಂಜಲಿ ಪುಟ ಬಿಟ್ಟು ಕೋರ್ಟ್ ನೋಟೀಸ್ ಮಾತ್ರ ನೋಡಿದೆ.

ತಾರೀಖಿಗೆ ಅಜ್ಜಿಯ ನೆನಪೇ ಆಧಾರ. 2020ರ ಯುಗಾದಿ ದಿನ ಪಂಚಾಂಗ ಓದುವಾಗ ಶಾರ್ವರಿ ಸಂವತ್ಸರ ಅಂದಿದ್ದೇ ತಡ, ‘ಹೋದ ಶಾರ್ವರೀಲಿ, ಮಾಘದಲ್ಲಿ, ನಮ್ಮ ದಾವೆ ಪೇಪರಿಗೆ ಬಂದಿತ್ತು ಕಣೋ’ ಅಂದಿದ್ರು. ಅರವತ್ತು ವರ್ಷ ಕಳೆದ್ರೆ 1960, ಸರಿ ಅಂತ 1960ರ ಜನವರಿ ಫೆಬ್ರವರಿ ಪೇಪರ್‌ಗಳನ್ನ ಒಟ್ಟಿಗೆ ಹೊಲಿದಿಟ್ಟ ಬೈಂಡ್ ಎರಡು ಸಲ ತಿರುವಿ ಹಾಕಿದೆ. ಇಲ್ಲ. ಸಂವತ್ಸರ ಬದಲಾಗೋದು ಯುಗಾದಿಗೆ, ಶಾರ್ವರಿ ಶುರುವಾಗಿದ್ದೇ 1960ರ ಮಾರ್ಚ್ ಕೊನೇಲಿ, ಅಲ್ಲಿಗೆ ಮಾಘ ಬರೋದು 1961ರ ಜನವರಿ-ಫೆಬ್ರವರಿಗೆ. ಪುಷ್ಯ, ಮಾಘ, ಫಾಲ್ಗುಣ ಅಂತ ಯಾರಾದ್ರೂ ಹೇಳಿದ್ರೆ ಮುಂದಿನ ಇಸವಿ ನೋಡಿ, ನನ್ ಹಂಗೆ ಎರಡು ಟ್ರಿಪ್ ಕಳ್ಕೋಬೇಡಿ.

1961ರ ಬೈಂಡಲ್ಲಿ ಮೂರನೇ ದಿನ ಸಿಕ್ತು. ಹಾಸನ ಮುನ್ಸೀಫ್ ಕೋರ್ಟು, ಬೆರಳಗಲದ ನೋಟೀಸು. ಮುತ್ತಾತನ ಹೆಸರು, ಬಿನ್ ಅಂತ ಅವರಪ್ಪನ ಹೆಸರು, ಸರ್ವೆ ನಂಬರು, ಚೆಕ್ಕುಬಂದಿ (ಜಮೀನಿನ ನಾಲ್ಕೂ ದಿಕ್ಕಿಗೆ ಏನಿದೆ, ಯಾರದಿದೆ ಅನ್ನೋ ವಿವರ). ಐದನೇ ಪ್ರತಿವಾದಿ ತಾತನ ಅಕ್ಕ, ಕೋಂ ಅಂತ ಗಂಡನ ಹೆಸರು, ಮೂಡಿಗೆರೆ ತಾಲ್ಲೂಕು ಗೋಣಿಬೀಡು ಹೋಬಳಿ. ಕೈ ನಡುಗಿತು ನಂಗೆ. ಹೋಬಳಿ ಇಲ್ದೆ ಇದ್ದಿದ್ರೆ ಕಷ್ಟ ಇತ್ತು, ನಮ್ ಕಡೆ ಹೊಸಹಳ್ಳಿ, ಕೊಪ್ಪಲು ಎಷ್ಟಿವೆ ನಿಮಗೇ ಗೊತ್ತಲ್ಲ. ಚೆಕ್ಕುಬಂದಿ ಯಾರೂ ಓದಲ್ಲ, ಓದಿ. ಪೂರ್ವಕ್ಕೆ ಇಂಥವರ ಜಮೀನು ಅಂತ ಇದ್ದದ್ದು ಮುತ್ತಾತನ ತಮ್ಮನದು, ಆ ಕವಲು ನಂಗೆ ಗೊತ್ತೇ ಇರಲಿಲ್ಲ.

ಮಧ್ಯೆ ಹೆಳವರ ಹತ್ರಾನೂ ಹೋಗಿದ್ದೆ. ಎತ್ತಿನ ಮೇಲೆ ಬಂದು ವಂಶ ಹೇಳೋರು, ದೊಡ್ಡಪ್ಪನಿಗೆ ಅವರ ಮೇಲೇ ನಂಬಿಕೆ. ನಮ್ಮ ಮನೆ ಹೆಳವರು ಏಳು ತಲೆ ಹೇಳಿದ್ರು, ಅದರಲ್ಲಿ ಐದು ತಲೆಯ ಹೆಸರು ನಂಗೆ ಸಿಕ್ಕ ಕಾಗದಗಳಿಗೆ ಸರಿ ಹೊಂದಿತು, ನಿಜಕ್ಕೂ ದೊಡ್ಡ ವಿದ್ಯೆ. ಆದ್ರೆ ಒಂದು ಹೆಣ್ಣಿನ ಹೆಸರೂ ಅದರಲ್ಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ್ಮೇಲೆ ಹೆಣ್ಮಕ್ಕಳನ್ನೂ ದಾವೇಲಿ ಪಾರ್ಟಿ ಮಾಡೋದು ಜಾಸ್ತಿ ಆಯ್ತು, ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿ ಆದ್ಮೇಲೆ ಇನ್ನೂ ಜಾಸ್ತಿ. ಕೊಟ್ಟ ಊರಿನ ಸಮೇತ ಹೆಣ್ಮಕ್ಕಳ ಹೆಸರು ಬೇಕಂದ್ರೆ ಕೋರ್ಟ್ ನೋಟೀಸಿಗಿಂತ ಒಳ್ಳೇ ಜಾಗ ನಾನು ಕಂಡಿಲ್ಲ.

ಫೋಟೋ ತೆಗೆಯೋವಾಗ ಪುಟದ ಹಿಂದೆ ಕಪ್ಪು ಹಾಳೆ ಇಡಿ, ಆಚೆ ಬದಿಯ ಅಕ್ಷರ ಮೂಡೋದು ನಿಲ್ಲುತ್ತೆ. ಮೊಬೈಲಲ್ಲಿ ಅಕ್ಷರ ಓದಿಸೋ ಆಪ್ ಮೂರು ಟ್ರೈ ಮಾಡ್ದೆ, ಹಳೇ ಮೊಳೆ ಅಚ್ಚಿನ ಒತ್ತಕ್ಷರ ಬಂದ ಕಡೆ ಎಲ್ಲಾ ಎಡವುತ್ತೆ, ಕಣ್ಣೇ ಗತಿ. ಬೈಂಡ್ ಸಿಗದಿದ್ರೆ ದಾವೆ ಫೈಲಿಗೆ ನಕಲು ಅರ್ಜಿ ಹಾಕಿ, ನೋಟೀಸ್ ಬಂದ ಪೇಪರನ್ನ ವಕೀಲರು ಕೋರ್ಟಿಗೆ ಹಾಜರು ಮಾಡಿರ್ತಾರೆ. ನಮ್ಮ ಫೈಲಲ್ಲಿ ಮಾತ್ರ ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ಅಷ್ಟೇ ಉಳಿದಿತ್ತು. ವಾರದ ಯಾವ ದಿನ, ಯಾವ ಪುಟ ಮೊದಲು ನೋಡ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಅದು ನಾನು ಬೆವರು ಸುರಿಸಿ ಕಲ್ತಿದ್ದು. ಈಗ ಬೇರೆ ಮೂರು ಮನೆಯವರಿಗೂ ಹುಡುಕಿ ಕೊಟ್ಟಿದೀನಿ, ಅದರಲ್ಲಿ ಒಂದನ್ನ ಹದಿನೈದೇ ದಿನದಲ್ಲಿ.

ಗೋಣಿಬೀಡು ಕಡೆ ಎರಡು ಸಲ ಓಡಾಡಿ ಮನೆ ಪತ್ತೆ ಮಾಡ್ದೆ. ಮೂರನೇ ಸಲ ದೊಡ್ಡಪ್ಪನ ಕರ್ಕೊಂಡು ಹೋದೆ. ಅಕ್ಕಜ್ಜಿ ಹೋಗಿ ಮೂವತ್ತು ವರ್ಷದ ಮೇಲಾಗಿದೆ, ಮಗಳು ಇದ್ದಾರೆ, ಎಪ್ಪತ್ತೈದರ ಆಸುಪಾಸು. ದೊಡ್ಡಪ್ಪನ ಮುಖ ನೋಡಿ ‘ನಮ್ಮ ಸೋದರಮಾವನ ಥರಾನೇ ಇದೀಯಲ್ಲಪ್ಪ’ ಅಂದ್ರು. ಅವರಮ್ಮನಿಗೆ ಆ ನೋಟೀಸ್ ತಲುಪಿರಲೇ ಇಲ್ವಂತೆ, ತೌರಿನವರು ಪಾಲು ಹಂಚ್ಕೊಂಡು ಮರೆತ್ರು ಅಂತ ಕೊನೆವರೆಗೂ ಅಂದ್ಕೊಂಡಿದ್ರಂತೆ. ಜೆರಾಕ್ಸ್ ಕೈಗೆ ಕೊಟ್ಟೆ. ಓದೋಕೆ ಬರಲ್ಲ, ನೀನೇ ಓದು ಅಂದ್ರು. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಚೆಕ್ಕುಬಂದಿ ಸಮೇತ ಪೂರ್ತಿ ಓದಿ ಹೇಳಿದ್ರು.