ರಂಗಕ್ಕೆ ಆವರ್ತ, ಸಿನಿಮಾಕ್ಕೆ ಫ್ರೇಮು

ಕಾಸರಗೋಡಿನ ಕನ್ನಡ ನಾಟಕಗಳಿಗೂ ಕಿರುಚಿತ್ರಗಳಿಗೂ ಸಂಗೀತ ಕೂಡಿಸುವಾಗ ನಾನು ಮೊದಲು ನೋಡುವುದು ರಾಗವನ್ನಲ್ಲ, ಸಮಯ ಯಾರ ಕೈಯಲ್ಲಿದೆ ಎಂಬುದನ್ನು. ರಂಗದಲ್ಲಿ ಅದು ನಟನ ಕೈಯಲ್ಲಿ. ಸಿನಿಮಾದಲ್ಲಿ ಎಡಿಟಿಂಗ್ ಮುಗಿದಲ್ಲಿಗೆ ಅದು ಕಲ್ಲಾಯಿತು.

ನಾಟಕಕ್ಕೆ ಶ್ರುತಿಯದ್ದೇ ದೊಡ್ಡ ತಲೆನೋವು. ಗಂಡಸರಿಗೆ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಕೀ), ಹೆಂಗಸರಿಗೆ ಕಪ್ಪು ನಾಲ್ಕು ಹಿಡಿದರೆ ಅವನ ಪಂಚಮವೇ (ಪ) ಅವಳ ಷಡ್ಜ (ಸ). ಶ್ರುತಿಪೆಟ್ಟಿಗೆ ಮುಟ್ಟುವುದೇ ಬೇಡ, ಅವಳಿಗೆ ಅದು ಮಧ್ಯಮ ಶ್ರುತಿಯಾಗುತ್ತದೆ, ಅಂದರೆ ಪೆಟ್ಟಿಗೆಯ ಸ ಅವಳಿಗೆ ಮ. ಆದರೆ ಅವಳ ಹಾಡು ಪುನ್ನಾಗವರಾಳಿಯಂಥ ಶುದ್ಧಮಧ್ಯಮದ (ಕೆಳಗಿನ ಮ) ರಾಗದಲ್ಲಿರಬೇಕು. ಮೋಹನದಲ್ಲಿ ಮಧ್ಯಮವೇ ಇಲ್ಲ, ಕಲ್ಯಾಣಿಯದ್ದು ಪ್ರತಿಮಧ್ಯಮ (ಮೇಲಿನ ಮ). ಎರಡೂ ಅಲ್ಲಿ ಕಿವಿಗೆ ಕುಟ್ಟುತ್ತವೆ. ಕುಣಿದು ಬಂದು ಹಾಡುವ ಪಾತ್ರವಾದರೆ ಇನ್ನೂ ಒಂದು ಮನೆ (ಹಾರ್ಮೋನಿಯಂನ ಒಂದು ಕೀ) ಇಳಿಸಿ. ಕೂತು ಹಾಡುವಾಗ ಸಿಕ್ಕಿದ ತಾರಷಡ್ಜ (ಮೇಲಿನ ಸ) ಏದುಸಿರಿನಲ್ಲಿ ಸಿಕ್ಕುವುದಿಲ್ಲ.

ಪದಗಳ ಮೇಲೂ ಕಣ್ಣಿಡಬೇಕು. ಹ್ರಸ್ವದ ಮೇಲೆ ಸ್ವರ ಎಳೆದರೆ 'ಹಸು' ಹೋಗಿ 'ಹಾಸು' ಆಗುತ್ತದೆ. ಮಲಯಾಳ ಮಾಧ್ಯಮದಲ್ಲಿ ಕಲಿತ ಮಕ್ಕಳು ಬರೆದುಕೊಟ್ಟ ಸ್ವರವನ್ನೇ ನಂಬಿ ಹಾಡುವವರು, ತಪ್ಪು ನಮ್ಮದೇ. ಎಳೆತವನ್ನೆಲ್ಲ ದೀರ್ಘಕ್ಕೆ ಇಡಿ.

ಪ್ರವೇಶದ ಸಂಗೀತವನ್ನು ಎಂಟಕ್ಷರದ (ತಾಳದ ಎಂಟು ಎಣಿಕೆಯ) ಒಂದೇ ಆವರ್ತದಲ್ಲಿ, ಅಂದರೆ ಒಂದೇ ಸುತ್ತಿನಲ್ಲಿ ಕಟ್ಟಿ, ಎಲ್ಲಿ ಬೇಕಾದರೂ ಮುಕ್ತಾಯಕ್ಕೆ ಹೊರಳುವಂತಿಡುತ್ತೇನೆ. ನಟನ ಮುಂಡಿನ ತುದಿ ಚಪ್ಪಲಿಗೆ ಸಿಕ್ಕಿತೆಂದರೆ ಎರಡು ಸುತ್ತು ಹೆಚ್ಚು ಬೇಕಾದೀತು. ಚೆಂಡೆಯನ್ನು ಮಾತು ಮುಗಿದ ಮೇಲೆ ಮಾತ್ರ ಬಿಡಿ. ಮೈಕಿನ ಹತ್ತಿರವಂತೂ ಬೇಡವೇ ಬೇಡ. ಆಟಿ ತಿಂಗಳ ಮಳೆಯಲ್ಲಿ ಶೀಟಿನ ಮಾಡಿನ ಸಭಾಂಗಣವಾದರೆ ಕೊಳಲು, ತಂಬೂರಿ ಯಾರಿಗೂ ಕೇಳುವುದಿಲ್ಲ, ಆ ದಿನಕ್ಕೆ ಹಾರ್ಮೋನಿಯಂ ಒಂದೇ ಗತಿ. ಅದರದ್ದೂ ತೇವಕ್ಕೆ ರೀಡು ಹಿಡಿಯುತ್ತದೆ. ರೀಡಿನ ನಾಲಗೆಯಡಿ ತೆಳು ಕಾಗದ ತೂರಿಸಿ ಮೆಲ್ಲನೆ ಎಳೆಯಿರಿ. ಬ್ಲೇಡು ಹಾಕಿ ಕೆರೆದರೆ ಸ್ವರವೇ ಜಾರುತ್ತದೆ.

ಸಿನಿಮಾಕ್ಕೆ ಬಂದರೆ ಲೆಕ್ಕದ ಪುಸ್ತಕ ತೆಗೆಯಬೇಕು. ಸೆಕೆಂಡಿಗೆ 24 ಫ್ರೇಮು. ನಿಮಿಷಕ್ಕೆ 80 ಪೆಟ್ಟಿನ ಲಯದಲ್ಲಿ ಒಂದಕ್ಷರಕ್ಕೆ ಸರಿಯಾಗಿ 18 ಫ್ರೇಮು. 84 ಇಟ್ಟರೆ 17 ಚಿಲ್ಲರೆ ಬರುತ್ತದೆ, ಕೈಲೆಕ್ಕ ಕೆಡುತ್ತದೆ. 42 ಸೆಕೆಂಡಿನ ದೃಶ್ಯ ಎಂದಿಟ್ಟುಕೊಳ್ಳಿ: 56 ಅಕ್ಷರ, ಆದಿತಾಳದ (4+2+2 ಅಕ್ಷರ, ಎರಡರದ್ದು ದ್ರುತ) ಏಳು ಆವರ್ತ. 27ನೇ ಸೆಕೆಂಡಿಗೆ ಬಾಗಿಲು ತೆರೆದರೆ ಅದು ಐದನೇ ಆವರ್ತದ ಮೊದಲ ದ್ರುತದ ಪೆಟ್ಟಿಗೇ ಕೂರುತ್ತದೆ. ಆಮೇಲೆ ಎಡಿಟರ್ ಒಂದೂವರೆ ಸೆಕೆಂಡು ಕತ್ತರಿಸಿದರೆ ಎರಡಕ್ಷರ ಮಾಯ, ಮೃದಂಗದವರಿಗೆ ಸಮ (ಆವರ್ತದ ಮೊದಲ ಪೆಟ್ಟು) ತಪ್ಪಿತು. ಆ ಒಂದು ಆವರ್ತವನ್ನು ಆರಕ್ಷರ ಮಾಡಿ ದಾಟಿಸಬಹುದು, ಕೇಳುವವರಿಗೆ ಗೊತ್ತಾಗದು. ಆದರೂ ಎಡಿಟಿಂಗ್ ಮುಗಿಯದೆ ರೆಕಾರ್ಡಿಂಗಿಗೆ ಕೂರಬೇಡಿ.

ಇನ್ನೊಂದು ಎಡವಟ್ಟು ಫೈಲಿನದ್ದು. 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿದರೆ ಅದೇ 42 ಸೆಕೆಂಡು 40.32ಕ್ಕೇ ಮುಗಿಯುತ್ತದೆ. 44.1 ಕಿಲೋಹರ್ಟ್ಸ್‌ನ (ಸೆಕೆಂಡಿಗೆ 44,100 ಮಾದರಿ ಹಿಡಿದ) ಧ್ವನಿಯನ್ನು 48 ಎಂದು ಓದಿಸಿದರೆ ಶ್ರುತಿ ಹೆಚ್ಚುಕಡಿಮೆ ಒಂದೂವರೆ ಮನೆ ಏರುತ್ತದೆ. ಗಾಯಕನ ಗಂಟಲು ಹಾಳಾಯಿತೆಂದು ಬಯ್ಯುವ ಮೊದಲು ಇದನ್ನು ನೋಡಿ.

ಮಾತಿನಡಿಯಲ್ಲಿ ಹಾರ್ಮೋನಿಯಂ, ಪಿಟೀಲು ನಾನು ಇಡುವುದಿಲ್ಲ, ಅವು ಮನುಷ್ಯರ ದನಿಯ ಜಾಗವನ್ನೇ ತಿನ್ನುತ್ತವೆ. ಮಂದ್ರದ (ಕೆಳಗಿನ ಸ್ಥಾಯಿಯ) ಒಂದು ಷಡ್ಜ ಸಾಕು. ಮಂಚಿಯ ಬಿ.ವಿ. ಕಾರಂತರು ರಂಗದಿಂದಲೇ ಸಿನಿಮಾಕ್ಕೆ ಹೋಗಿ 'ಋಷ್ಯಶೃಂಗ', 'ಘಟಶ್ರಾದ್ಧ' ಎರಡರ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿ ತಂದವರು. 'ಘಟಶ್ರಾದ್ಧ'ವನ್ನು ಒಮ್ಮೆ ಪರದೆಗೆ ಬೆನ್ನು ಹಾಕಿ ಕೂತು, ವಾದ್ಯ ಎಲ್ಲೆಲ್ಲಿ ಸುಮ್ಮನಿದೆ ಎಂದು ಗುರುತು ಹಾಕಿಕೊಳ್ಳಿ.