ಶಾಕ್ ಕೊಳ್ಳುವ ಮೊದಲು ಟೇಪ್ ಹಿಡಿಯಿರಿ: ಎಕ್ಸ್‌ಪಲ್ಸ್ 200ರ ಹಿಂದಿನ ಸಸ್ಪೆನ್ಷನ್

ಮುಳಶಿ, ತಾಮ್ಹಿಣಿ ಕಡೆಯ ಕಲ್ಲುದಾರಿಯಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬೈಕಿನ ಹಿಂಭಾಗ ಎರಡು ಸಲ ತಳ ಹೊಡೆದರೆ (ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡು ಕೊನೆ ಮುಟ್ಟಿದರೆ) ಸಾಕು, ಪುಣೆಯ ನಮ್ಮ ಹುಡುಗರು ಉದ್ದನೆಯ ಶಾಕ್ (ಶಾಕ್ ಅಬ್ಸಾರ್ಬರ್) ಹುಡುಕಲು ಶುರು ಮಾಡುತ್ತಾರೆ. ಹೆಚ್ಚಿನವರಿಗೆ ನಿಜಕ್ಕೂ ಬೇಕಿರುವುದು ತಮ್ಮ ತೂಕಕ್ಕೆ ಸರಿಹೊಂದುವ ಸ್ಪ್ರಿಂಗ್. ಅದನ್ನು ತಿಳಿಯಲು ಅಳತೆ ಟೇಪ್ ಮತ್ತು ಜೊತೆಗೆ ಇಬ್ಬರು ಇದ್ದರೆ ಆಯಿತು.

ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ ನಿಲ್ಲಿಸಿ. ಆಕ್ಸಲ್‌ಗೆ ನೇರ ಮೇಲೆ, ಪ್ಯಾನೆಲ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆದು, ಆಕ್ಸಲ್‌ನಿಂದ ಅಲ್ಲಿಗೆ ಅಳೆಯಿರಿ. ಬೈಕನ್ನು ನೆಲಕ್ಕಿಳಿಸಿ, ಎರಡು ಸಲ ಒತ್ತಿ ಬಿಟ್ಟು, ಅದೇ ಅಳತೆ ಮತ್ತೆ ತೆಗೆಯಿರಿ. ಕೊನೆಗೆ ಹೆಲ್ಮೆಟ್, ಬೂಟು, ಬೆನ್ನಿನ ಬ್ಯಾಗು ಸಮೇತ ಸವಾರ ಕುಳಿತು, ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟಾಗ ಇನ್ನೊಮ್ಮೆ. ಒಬ್ಬರು ಹ್ಯಾಂಡಲ್ ಹಿಡಿದಿರಲಿ, ಇನ್ನೊಬ್ಬರು ಅಳೆಯಲಿ. ಮೊದಲ ಅಳತೆಯಿಂದ ಎರಡನೆಯದನ್ನು ಕಳೆದರೆ ಫ್ರೀ ಸ್ಯಾಗ್ (ಬೈಕಿನ ಸ್ವಂತ ಭಾರಕ್ಕೆ ಆಗುವ ಕುಸಿತ), ಮೂರನೆಯದನ್ನು ಕಳೆದರೆ ರೈಡರ್ ಸ್ಯಾಗ್ (ಸವಾರನೂ ಸೇರಿದಾಗಿನ ಕುಸಿತ).

ಎಕ್ಸ್‌ಪಲ್ಸ್ 200ರ ಹಿಂದಿನ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಚಲಿಸುವ ಒಟ್ಟು ದೂರ, 170 ಮಿ.ಮೀ. ಮಣ್ಣುದಾರಿಗೆ ಅದರ ಸುಮಾರು ಮೂರನೇ ಒಂದು ಪಾಲು, ಅಂದರೆ 50ರಿಂದ 56 ಮಿ.ಮೀ. ರೈಡರ್ ಸ್ಯಾಗ್ ಇರಬೇಕು. ಫ್ರೀ ಸ್ಯಾಗ್ 15ರಿಂದ 25 ಸಾಕು. ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆಗೆ, ಅಂದರೆ ಪ್ರೀಲೋಡ್‌ಗೆ, 10 ಮೆಟ್ಟಿಲುಗಳಿವೆ. ಒಂದೊಂದೇ ತಿರುಗಿಸಿ, ಪ್ರತಿ ಸಲ ಅಳೆಯಿರಿ. ರೈಡರ್ ಸ್ಯಾಗ್ ಸರಿಹೋಗುವಷ್ಟರಲ್ಲಿ ಫ್ರೀ ಸ್ಯಾಗ್ ಸೊನ್ನೆಗೆ ಬಂದಿದ್ದರೆ ಸ್ಪ್ರಿಂಗ್ ನಿಮಗೆ ಮೆದು. ರೈಡರ್ ಸ್ಯಾಗ್ ಸರಿಯಿದ್ದಾಗ ಫ್ರೀ ಸ್ಯಾಗೇ 35-40 ತೋರಿಸಿದರೆ ಗಟ್ಟಿ. ಈ ಎರಡನೆಯದನ್ನು ಯಾರೂ ನೋಡುವುದಿಲ್ಲ. ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದೇ ಅನೇಕರು ನಂಬಿದ್ದಾರೆ. ಅದು ಬೈಕಿನ ಹಿಂಭಾಗವನ್ನು ಮೇಲೆತ್ತುತ್ತದೆ, ಅಷ್ಟೆ.

ಮೆದುವೆಂದು ಖಾತ್ರಿಯಾದರೆ 10ರಿಂದ 15 ಶೇಕಡಾ ಗಟ್ಟಿ ಸ್ಪ್ರಿಂಗ್ ಕೇಳಿ. ಭೋಸರಿಯಲ್ಲೋ ಬೇರೆಲ್ಲೋ ಹೊಸ ಸ್ಪ್ರಿಂಗ್ ಸುತ್ತಿಸುವುದಾದರೆ ಒಳವ್ಯಾಸ, ಪೂರ್ತಿ ಉದ್ದ, ಸುತ್ತುಗಳ ಸಂಖ್ಯೆ, ತಂತಿಯ ದಪ್ಪ ನಾಲ್ಕನ್ನೂ ಬರೆದುಕೊಡಿ. ದಪ್ಪದ ವಿಷಯದಲ್ಲಿ ಹುಷಾರು. ಗಡಸುತನ ತಂತಿಯ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ; 9 ಮಿ.ಮೀ. ಬದಲು 9.5 ಹಾಕಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಸುಮಾರು 24 ಶೇಕಡಾ ಹೆಚ್ಚು. ಒಂದು ಸುತ್ತು ಕತ್ತರಿಸಿ ಕೊಡುತ್ತೇನೆ ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ: ಗಟ್ಟಿಯೇನೋ ಆಗುತ್ತದೆ, ಆದರೆ ತುದಿ ಸಪಾಟಾಗಿ ಕೂರದೆ ಒಂದು ಬದಿಗೆ ವಾಲಿ ಶಾಫ್ಟ್ ಸೀಲನ್ನು ತಿನ್ನುತ್ತದೆ. ದಪ್ಪ ಆಯಿಲ್ ತುಂಬಿಸುವುದೂ ಮದ್ದಲ್ಲ. ರೀಬೌಂಡ್ (ಒತ್ತಿದ ಶಾಕ್ ವಾಪಸು ಚಾಚುವುದು) ನಿಧಾನವಾಗಿ, ಸಾಲು ಗುಂಡಿಗಳಲ್ಲಿ ಶಾಕ್ ಮೇಲೇಳುವ ಮೊದಲೇ ಮುಂದಿನ ಹೊಡೆತ ಬಿದ್ದು, ಬೈಕು ಇನ್ನಷ್ಟು ಕುಸಿಯುತ್ತದೆ.

ಸ್ಪ್ರಿಂಗ್ ಬಿಚ್ಚಲು ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಹಗ್ಗ, ಸ್ಪ್ಯಾನರ್‌ಗಳ ಸರ್ಕಸ್ ಬೇಡ. ಗ್ಯಾಸ್ ತುಂಬಿದ ಶಾಕ್ ಆದರೆ ಒಳಗೆ ಹತ್ತು ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದ ನೈಟ್ರೋಜನ್ ಇರಬಹುದು, ಅದರ ಬಾಡಿ ಮನೆಯಲ್ಲಿ ತೆರೆಯುವ ವಸ್ತುವಲ್ಲ.

ಇನ್ನು ಉದ್ದನೆಯ ಶಾಕ್. ಕಂಪನಿಯ ರ್‍ಯಾಲಿ ಕಿಟ್ ಹಿಂದಿನ ಟ್ರಾವೆಲನ್ನು 220 ಮಿ.ಮೀ.ಗೆ ಒಯ್ಯುತ್ತದೆ, ಆದರೆ ಅದರಲ್ಲಿ ಮುಂದಿನ ಫೋರ್ಕೂ 250ಕ್ಕೆ ಏರುತ್ತದೆ. ಸುಮ್ಮನೆ ಅಲ್ಲ. ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) ಸುಮಾರು 1,410 ಮಿ.ಮೀ. ಇರುವಾಗ ಹಿಂಭಾಗವಷ್ಟೇ 25 ಮಿ.ಮೀ. ಎದ್ದರೆ ಮುಂದಿನ ಫೋರ್ಕಿನ ಕೋನ ಒಂದು ಡಿಗ್ರಿ ಕಡಿದಾಗುತ್ತದೆ, ಮುಂದಿನ ಚಕ್ರವನ್ನು ನೇರ ಇಡುವ ಟ್ರೇಲ್ ಎಂಬ ಅಳತೆ ಕಡಿಮೆಯಾಗುತ್ತದೆ, ವೇಗದಲ್ಲಿ ಹ್ಯಾಂಡಲ್ ಅಲ್ಲಾಡತೊಡಗುತ್ತದೆ. ಸೈಡ್ ಸ್ಟ್ಯಾಂಡ್ ಕೂಡ ಗಿಡ್ಡವಾಗಿ ಬೈಕು ಅತಿಯಾಗಿ ವಾಲುತ್ತದೆ. ಬೇರೆ ಬೈಕಿನ ಶಾಕ್ ಹಾಕುವವರು ಮೊದಲು ಸ್ಪ್ರಿಂಗ್ ಇಲ್ಲದೆ ಜೋಡಿಸಿ, ಚಕ್ರವನ್ನು ಬಂಪ್ ರಬ್ಬರ್ ಮುಟ್ಟುವವರೆಗೆ ಎತ್ತಿ ನೋಡಿ. ನಿಜವಾದ ಹೊಡೆತಕ್ಕೆ ರಬ್ಬರ್ ಇನ್ನೂ ಒತ್ತಿಕೊಳ್ಳುವುದರಿಂದ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಧಾರಾಳ ಜಾಗ ಉಳಿಯಬೇಕು. ಕೆಳಗೆ ಪೂರ್ತಿ ಬಿಟ್ಟಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಜಗ್ಗಬಾರದು, ಚೈನು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೊರೆಯಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ, ಅದನ್ನೂ ಒಮ್ಮೆ ಓದಿಕೊಳ್ಳಿ.

ಶಾಕ್ ಹೊರಗಿದ್ದಾಗಲೇ ಸ್ವಿಂಗ್‌ಆರ್ಮ್ ತಿರುಗುವ ಕೀಲು, ಅಂದರೆ ಪಿವಟ್ ಬಿಚ್ಚಿ ಹಳೆಯ ಗ್ರೀಸ್ ಒರೆಸಿ ಹೊಸದು ತುಂಬಿ. ಇಲ್ಲಿನ ಮಳೆಗಾಲದ ಕರಿಮಣ್ಣಾಗಲಿ ಗೋವಾದ ಕೆಂಪು ಧೂಳಾಗಲಿ ಒಳಹೊಕ್ಕರೆ ಬುಷ್ ಉಳಿಯದು. ನೀರು ತಡೆಯುವ ಗ್ರೀಸೇ ಇರಲಿ. ಮೌಂಟ್‌ನಲ್ಲಿ ರಬ್ಬರ್ ಬುಷ್ ಇದ್ದರೆ ಚಕ್ರ ನೆಲದ ಮೇಲೆ ಭಾರ ಹೊತ್ತಾಗಲೇ ಬೋಲ್ಟ್ ಬಿಗಿಯಿರಿ, ಗಾಳಿಯಲ್ಲಿ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡು ಬೇಗ ಹರಿಯುತ್ತದೆ. ಟಾರ್ಕ್ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವಷ್ಟೇ.

ಚೈನ್ ಕೊನೆಗೆ. ಮುಂದಿನ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವವರೆಗೆ ಹಿಂಭಾಗವನ್ನು ಸ್ಟ್ರ್ಯಾಪ್‌ನಿಂದ ಕೆಳಗೆ ಎಳೆದು ಕಟ್ಟಿ. ಚೈನು ಅತಿ ಬಿಗಿಯಾಗುವ ಜಾಗ ಅದೇ. ಅಲ್ಲೂ 10-15 ಮಿ.ಮೀ. ಆಟ ಉಳಿದಿರಬೇಕು. ಸ್ಟ್ಯಾಂಡ್ ಮೇಲೆ ಸರಿಯಾಗಿ ಕಂಡ ಚೈನು ಇಲ್ಲಿ ತಂತಿಯಂತೆ ಬಿಗಿದರೆ ಗೇರ್‌ಬಾಕ್ಸ್ ಬೇರಿಂಗಿಗೆ ಪೆಟ್ಟು. ಬೆಳಗಾವಿ ಕಡೆ ಊರಿಗೆ ಹೊರಡುವಾಗ ಹಿಂದೆ ಬ್ಯಾಗು ಕಟ್ಟಿದರೆ ಪ್ರೀಲೋಡ್ ಎರಡು ಮೆಟ್ಟಿಲು ಏರಿಸಿ, ವಾಪಸು ಬಂದ ಮೇಲೆ ಇಳಿಸಿ.